ಶೀಲಮ್ಮನ ಉದ್ಯೋಗ ಏನು?

ಆವತ್ತು ಬುಧವಾರ. ಬೆಳಗ್ಗೆ ಏಳೂಕಾಲು. ನನ್ನ ಊಟದ ಡಬ್ಬಿಯ ಪಕ್ಕದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ನನ್ನ ಹೆಂಡತಿ ಜಯಶೀಲ ಹೇಳಿದಳು:

"ರೀ, ಡಬ್ಬಿ ಮರೆತ್ರೂ ಪರವಾಗಿಲ್ಲ. ಇದನ್ನ ಮರೀಬೇಡಿ."

ಪೆಟ್ಟಿಗೆಯಲ್ಲಿ ಗಾಜಿನ ಟ್ಯೂಬುಗಳಿದ್ದವು. ಒಂದೊಂದರ ಬಾಯಿಗೂ ಹತ್ತಿ. ಒಳಗೆ ಸಣ್ಣ ಇರುವೆಯಷ್ಟು ದೊಡ್ಡ ಕಪ್ಪು ಹುಳಗಳು. ತುರುವೇಕೆರೆ ರೂಟಿನ ಒಂದು ಸ್ಟಾಪಿನಲ್ಲಿ ರೈತರೊಬ್ಬರು ಕಾಯುತ್ತಿರುತ್ತಾರೆ, ಅವರ ಕೈಗೆ ಕೊಡಬೇಕು. (ಹೊಸ ಓದುಗರಿಗೆ: ನಾನು ತಿಪಟೂರಿನಲ್ಲಿ ಬಸ್ ಕಂಡಕ್ಟರ್. ವಾರಕ್ಕೊಂದು ದಿನ ಈ ಅಂಕಣ. ಉಳಿದ ಆರು ದಿನ 'ಮುಂದೆ ಹೋಗ್ರಿ, ಮುಂದೆ ಹೋಗ್ರಿ'.)

"ಬಾನೆಟ್ ಮೇಲೆ ಇಡ್ಬೇಡಿ. ಬೆಂದು ಹೋಗ್ತವೆ."

"ನನ್ನ ಸೀಟಲ್ಲೇ ಕೂರಿಸ್ಕೋತೀನಿ ಬುಡು."

"ಟಿಕೆಟ್ ಹರೀತೀರಾ?"

"ಹೆಣ್ಣುಹುಳಕ್ಕೆ ಟಿಕೆಟ್ ಇಲ್ಲ ಕಣೇ ಈಗ."

ಅವಳು ನಕ್ಕಳು. ನಾನು ಹೊರಟೆ. ಏನು ತಿಂಡಿ ತಿಂದಿದ್ದೆ ಎಂದು ಎಷ್ಟು ಸಲ ನೆನಪಿಸಿಕೊಂಡರೂ ಹೊಳೆಯುವುದಿಲ್ಲ. ವಿಶೇಷ ದಿನವಾಗಿದ್ದರೆ ನೆನಪಿರುತ್ತಿತ್ತೇನೋ. ಅದೊಂದು ಮಾಮೂಲಿ ಬುಧವಾರ.

ಮರುದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ ಅವಳು ಪ್ರಯೋಗಾಲಯದಲ್ಲಿ ಕುಸಿದು ಬಿದ್ದಳು. ನಾನು ಎರಡನೇ ಟ್ರಿಪ್ಪು ಮುಗಿಸಿ ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ನಲವತ್ತಾರು ವರ್ಷ.

ಒಂದೂವರೆ ವರ್ಷವಾಯಿತು. ಆಗ ಏಳು ವಾರ ಅಂಕಣ ಬರಲಿಲ್ಲ. ನಿಮ್ಮಲ್ಲಿ ಕೆಲವರು ಕಾಗದ ಬರೆದಿರಿ. ಬಸ್ಸಿನಲ್ಲಿ ಸಿಕ್ಕವರು ಕೈ ಹಿಡಿದುಕೊಂಡಿರಿ. ನಾನು ಯಾರಿಗೂ ಉತ್ತರ ಕೊಡಲಿಲ್ಲ. ಆಮೇಲೆ ತೋಟಕ್ಕೆ ಬರುವ ಕೋತಿಗಳ ಬಗ್ಗೆ ಬರೆದೆ. ಸ್ಟ್ಯಾಂಡಿನ ಹೊಸ ಶೆಲ್ಟರಿನ ಬಗ್ಗೆ ಬರೆದೆ. ಮೊಬೈಲಿನಲ್ಲಿ ಜೋರಾಗಿ ಮಾತಾಡುವ ಪ್ಯಾಸೆಂಜರುಗಳ ಬಗ್ಗೆ ಎರಡು ಸಲ ಬರೆದೆ. ಅವಳ ಬಗ್ಗೆ ಮಾತ್ರ ಒಂದು ಸಾಲೂ ಬರೆಯಲಾಗಲಿಲ್ಲ.

ಈ ವಾರ ಬರೆಯುತ್ತೇನೆ. ನಿಮ್ಮನ್ನು ಅಳಿಸಲು ಅಲ್ಲ. ಹೇಳಿಕೊಳ್ಳುವಂಥ ಒಂದು ವಿಷಯ ಆಗಿದೆ.

ಅದಕ್ಕೆ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

ಅವಳು ಹೋದ ಮೂರನೇ ದಿನ ಮರಣ ನೋಂದಣಿ ಮಾಡಿಸಲು ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಒಂದೊಂದೇ ಕೇಳಿ ತುಂಬಿಸುತ್ತಿದ್ದಳು. ಹೆಸರು, ವಯಸ್ಸು, ವಿಳಾಸ. ಆಮೇಲೆ "ಉದ್ಯೋಗ?" ಎಂದಳು. ಪಾಪ, ಅವಳೇ ಸಹಾಯಕ್ಕೆ ಬಂದಳು.

"ಮನೇಲಿದ್ರಲ್ವಾ ಸಾರ್? ಗೃಹಿಣಿ ಅಂತ ಹಾಕ್ಲಾ?"

"ಹೂಂ" ಎಂದೆ.

ಒಂದೇ ಅಕ್ಷರ. ಮನೆಗೆ ಬಂದು ಮಲಗಿದ ಮೇಲೆ ಗೊತ್ತಾಯಿತು ಏನು ಮಾಡಿದೆ ಎಂದು. ಮನೆ ನೋಡಿಕೊಳ್ಳುವುದು ಕಡಿಮೆ ಕೆಲಸವೇ? ಅಲ್ಲ. ಆದರೆ ಅದರ ಜೊತೆಗೆ ಹದಿನಾಲ್ಕು ವರ್ಷ ಅವಳು ಇನ್ನೊಂದು ಕೆಲಸ ಮಾಡಿದ್ದಳು. ಅದಕ್ಕಾಗಿ ಎರಡು ವರ್ಷ ದಿನಾ ರೈಲು ಹತ್ತಿ ಓದಿದ್ದಳು. ಅಷ್ಟನ್ನೂ ಗಂಡನಾದ ನಾನೇ ಒಂದು 'ಹೂಂ'ನಲ್ಲಿ ಅಳಿಸಿ ಬಂದಿದ್ದೆ.

ನಾನು ಪಿಯುಸಿ ಫೇಲು. (ಎರಡು ಸಬ್ಜೆಕ್ಟ್. ಕೇಳಿದವರಿಗೆಲ್ಲ ಒಂದು ಎನ್ನುತ್ತೇನೆ.) ಅವಳು ಬಿಎಸ್ಸಿ ಮುಗಿಸಿದ್ದಳು. ಸಂಬಂಧ ಗೊತ್ತಾದಾಗಲೇ ಅವರ ಕಡೆಯವರು "ಹುಡುಗಿ ಓದಿರೋದು ಜಾಸ್ತಿ, ಹುಡುಗಂದು ಸರ್ಕಾರಿ ಕೆಲಸ, ಸರಿಹೋಯ್ತು ಬುಡಿ" ಎಂದು ತೂಗಿ ನೋಡಿ ಮುಗಿಸಿದ್ದರು. ಮದುವೆಯಾದ ಮೂರನೇ ವರ್ಷ ಒಂದು ದಿನ ಅವಳು ಪೇಪರ್ ಮಡಚಿ ನನ್ನ ಮುಂದೆ ಇಟ್ಟಳು. ಜಿಲ್ಲೆಯ ವಿಶ್ವವಿದ್ಯಾಲಯದ ಜಾಹೀರಾತು. ಎಂಎಸ್ಸಿ, ಪ್ರಾಣಿಶಾಸ್ತ್ರ.

"ಹೋಗ್ಲಾ?" ಎಂದಳು.

"ಹೋಗು" ಎಂದೆ.

ನಾನು ಮಾಡಿದ್ದು ಅಷ್ಟೇ. ಉಳಿದಿದ್ದೆಲ್ಲ ಅವಳೇ ಮಾಡಿಕೊಂಡಳು. ಡಿಪೋದಲ್ಲಿ ಮಾತ್ರ ಸುದ್ದಿ ಹಬ್ಬಿತು. ಆಗ ನನ್ನ ಜೊತೆಗಿದ್ದ ಡ್ರೈವರ್ ರಂಗಸ್ವಾಮಿ ಸ್ಟೇರಿಂಗ್ ತಿರುಗಿಸುತ್ತಲೇ ಕೇಳಿದ:

"ಅಲ್ಲ ಕಣ್ಲಾ, ಎಮ್ಮೆಸ್ಸಿ ಮಾಡ್ಕಂಡು ನಿನ್ನ ಬುಟ್ಟು ಹೋದ್ರೆ ಏನ್ಲಾ ಮಾಡ್ತೀಯ?"

"ಹೋಗೋದು ಬಸ್ಸಲ್ಲೇ ತಾನೇ. ಟಿಕೆಟ್ ನಾನೇ ಕೊಡ್ತೀನಿ ಬುಡು."

ಅವಳು ಎಲ್ಲೂ ಹೋಗಲಿಲ್ಲ. ಎಂಎಸ್ಸಿ ಮುಗಿಸಿ, ಕೆಲವು ವರ್ಷ ಟ್ಯೂಷನ್ ಹೇಳಿ, ನಮ್ಮ ಕಡೆಯದೇ ಒಂದು ಚಿಕ್ಕ ಸರ್ಕಾರಿ ಪ್ರಯೋಗಾಲಯಕ್ಕೆ ಸೇರಿದಳು. ಹೊರಗುತ್ತಿಗೆ. ಕಾಗದದಲ್ಲಿ 'ಸಹಾಯಕಿ'. ಕೆಲಸ, ಹುಳ ಸಾಕುವುದು.

ತೋಟ ಇರುವವರಿಗೆ ನಾನು ವಿವರಿಸಬೇಕಾಗಿಲ್ಲ. ತೆಂಗಿನ ಗರಿಯ ಹಸಿರನ್ನು ಅಡಿಯಿಂದ ಕೆರೆದು ತಿನ್ನುವ ಕಪ್ಪು ತಲೆ ಹುಳ ಗೊತ್ತಲ್ಲ? ಅದು ಬಿದ್ದರೆ ತೋಟಕ್ಕೆ ಯಾರೋ ಬೆಂಕಿ ಇಟ್ಟಂತೆ ಕಾಣುತ್ತದೆ. ಆ ಹುಳವನ್ನು ಹುಡುಕಿ ಕುಟುಕಿ, ಅದರ ಮೈಮೇಲೆಯೇ ಮೊಟ್ಟೆ ಇಟ್ಟು ಮುಗಿಸುವ ಇನ್ನೊಂದು ಹುಳ ಇದೆ. ಪರೋಪಜೀವಿ ಎನ್ನುತ್ತಾರೆ. ಜಯಶೀಲ ಸಾಕುತ್ತಿದ್ದುದು ಅದನ್ನು. ಟ್ಯೂಬಿನಲ್ಲಿ ಹುಟ್ಟಿಸಿ, ಹತ್ತಿಗೆ ಜೇನು ಸವರಿ ಉಣಿಸಿ, ಹದಕ್ಕೆ ಬಂದ ದಿನ ರೈತರ ಕೈಗೆ. ರೈತರು ಸಂಜೆ ಮರದ ಬುಡದಲ್ಲಿ ಹತ್ತಿ ತೆಗೆದರೆ ಸಾಕು, ಅವು ತಾವೇ ಮರ ಹತ್ತಿ ಹೋಗುತ್ತವೆ. ಹದ ತಪ್ಪಿ ಎರಡು ದಿನ ತಡವಾದರೂ ಟ್ಯೂಬಿನಲ್ಲೇ ಸಾಯುತ್ತವೆ.

ಈ ಬೇಸಿಗೆಯ ಶುರುವಿನಲ್ಲಿ ಅವಳ ಕ್ಲಾಸ್‌ಮೇಟ್ ಮಂಜುಳ ನನಗೊಂದು ವಾಟ್ಸಪ್ ಕಳಿಸಿದರು. ಮಂಜುಳ ಈಗ ಕಾಲೇಜಿನಲ್ಲಿ ಲೆಕ್ಚರರ್. ವಿಶ್ವವಿದ್ಯಾಲಯದವರು 'ನಮ್ಮ ಹೆಸರಾಂತ ಹಳೆಯ ವಿದ್ಯಾರ್ಥಿಗಳು' ಎಂದು ಪುಸ್ತಕ ಮಾಡುತ್ತಿದ್ದಾರೆ, ಹೆಸರು ಕಳಿಸಬಹುದು ಎಂಬ ಸೂಚನೆ. ಕೆಳಗೆ ಮಂಜುಳ ಬರೆದಿದ್ದರು: "ಅಣ್ಣ, ಶೀಲನ ಹೆಸರು ನೀವು ಕಳಿಸಲೇಬೇಕು."

ಫಾರಂ ಇಳಿಸಿಕೊಂಡು ಕೂತೆ. ಪ್ರಸ್ತುತ ಹುದ್ದೆ. ಪಡೆದ ಪ್ರಶಸ್ತಿಗಳು. ಪ್ರಕಟವಾದ ಸಂಶೋಧನಾ ಲೇಖನಗಳು. ವಿದೇಶ ಪ್ರವಾಸ. (ಮಂಗಳೂರಿಗೆ ಒಂದು ಸಲ ಹೋಗಿದ್ದೆವು. ಸಮುದ್ರದಾಚೆ ಏನಿದೆ ಎಂದು ನಿಂತು ನೋಡಿದ್ದಳು. ಅದನ್ನು ಬರೆಯಬಹುದೇ?) ಹೆಸರು ಮತ್ತು ಪಾಸಾದ ವರ್ಷ ಬಿಟ್ಟರೆ ಇಡೀ ಫಾರಂ ಖಾಲಿ.

ಖಾಲಿ ಫಾರಂ ಹಿಡಿದುಕೊಂಡೇ ರಜೆ ಹಾಕಿ ತುಮಕೂರಿಗೆ ಹೋದೆ. ಒಂದು ಕಡೆ 'ಗೃಹಿಣಿ' ಬರೆಸಿ ಬಂದಿದ್ದೇನೆ. ಇನ್ನೊಂದು ಕಡೆಯಾದರೂ ಸರಿಯಾಗಿ ಬರೆಸಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಅವಳು ಓದಿದ ಪ್ರಾಣಿಶಾಸ್ತ್ರ ವಿಭಾಗದ ಗೋಡೆಯ ಮೇಲೆ ಆಗಲೇ ಆಯ್ಕೆಯಾದವರ ಫೋಟೋಗಳನ್ನು ಅಂಟಿಸಿದ್ದರು. ನೋಡುತ್ತಾ ನಿಂತೆ. ನೋಡುತ್ತಾ ನಿಂತವನಿಗೆ ನಗು ಬಂತು. ಅರ್ಧಕ್ಕರ್ಧ ನನ್ನ ಪಾಸ್ ಗಿರಾಕಿಗಳು.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಾಲೇಜುಗಳ ಮಕ್ಕಳು ಆ ವಿಶ್ವವಿದ್ಯಾಲಯದ ಹೆಸರಿನಲ್ಲೇ ಅಲ್ಲವೇ ಡಿಗ್ರಿ ಪಡೆಯುವುದು? ಇಪ್ಪತ್ತು ವರ್ಷ ಅವರನ್ನು ಹೊತ್ತುಕೊಂಡು ತಿರುಗಿದ್ದೇನೆ. ಇಗೋ, ಉಪಗ್ರಹ ಕೇಂದ್ರದ ವಿಜ್ಞಾನಿ. ತುರುವೇಕೆರೆ ಕಡೆಯವನು. ಓದುತ್ತಾ ಓದುತ್ತಾ ತನ್ನ ಸ್ಟಾಪ್ ದಾಟಿಹೋಗಿ ವಾರಕ್ಕೊಂದು ಸಲ ನಡೆದು ವಾಪಸ್ ಹೋಗುತ್ತಿದ್ದ. ಈಗ ಉಪಗ್ರಹಗಳನ್ನು ಸರಿಯಾದ ಜಾಗಕ್ಕೆ ಕಳಿಸುತ್ತಾನಂತೆ. ಇಗೋ, ಕಬಡ್ಡಿ ಆಟಗಾರ. ಫುಟ್‌ಬೋರ್ಡಿನಿಂದ ಅವನನ್ನು ಒಳಕ್ಕೆ ಎಳೆಯಲು ನನ್ನಿಂದ ಒಂದು ದಿನವೂ ಆಗಲಿಲ್ಲ. ಮುಂದೆ ಎಂಥೆಂಥ ತಂಡಗಳಿಂದಲೂ ಆಗಲಿಲ್ಲ. ಇಗೋ, ನ್ಯಾಯಾಧೀಶೆ. ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿನವರೆಗೆ ನಿಂತುಕೊಂಡೇ ಪುಸ್ತಕ ಓದುತ್ತಿದ್ದ ಹುಡುಗಿ. ಸೀಟು ಖಾಲಿ ಇದ್ದರೂ ವಯಸ್ಸಾದವರು ಬರಬಹುದು ಎಂದು ಕೂರುತ್ತಿರಲಿಲ್ಲ.

ಎದೆ ಉಬ್ಬಿತು ಎಂದರೆ ಸುಳ್ಳಲ್ಲ. ಇವರಿಗೆ ನಾನು ಪಾಠ ಹೇಳಿಲ್ಲ. ಆದರೆ ಪಾಠದ ಹೊತ್ತಿಗೆ ತಲುಪಿಸಿದ್ದೇನೆ. (ಮಳೆಗಾಲದಲ್ಲಿ ಹತ್ತು ನಿಮಿಷ ಲೇಟು. ಅದು ರಂಗಸ್ವಾಮಿಯ ತಪ್ಪು.)

ಇಡೀ ಪುಸ್ತಕದ ಜವಾಬ್ದಾರಿ ಹೊತ್ತ, ಅದೇ ವಿಭಾಗದ ಪ್ರೊಫೆಸರ್ ಒಳ್ಳೆಯವರು. ಟೀ ತರಿಸಿದರು. ಅವರು ಆಮೇಲೆ ಬಂದವರು, ಜಯಶೀಲಳಿಗೆ ಪಾಠ ಮಾಡಿದವರಲ್ಲ. ಫಾರಂ ನೋಡಿದರು, ತಿರುಗಿಸಿ ಹಿಂಭಾಗವನ್ನೂ ನೋಡಿದರು.

"ಇವರ ಹುದ್ದೆ ಏನಿತ್ತು?"

"ಸಹಾಯಕಿ ಸಾರ್. ಹೊರಗುತ್ತಿಗೆ."

"ಪೇಪರ್ ಪಬ್ಲಿಶ್ ಮಾಡಿದ್ರಾ?"

"ಇಲ್ಲ ಸಾರ್."

ಅವರು ಕನ್ನಡಕ ತೆಗೆದರು. "ನೋಡಿ, ನನಗೆ ಹಾಕಬೇಕು ಅಂತ ಮನಸ್ಸಿದೆ. ಆದರೆ ಸಮಿತಿ ಇದೆ. ಇವರು ಏನು ಮಾಡಿದ್ರು ಅಂತ ತೋರಿಸೋಕೆ ಏನಾದ್ರೂ ದಾಖಲೆ ಕೊಡಿ. ಒಂದು ಕಾಗದ, ಒಂದು ಪೇಪರ್ ಕಟಿಂಗ್. ಏನೂ ಇಲ್ವಾ?"

ಪೇಪರ್ ಕಟಿಂಗ್.

ಹತ್ತೊಂಬತ್ತು ವರ್ಷದಿಂದ ವಾರ ವಾರ ಪತ್ರಿಕೆಗೆ ಬರೆಯುತ್ತಿರುವವನ ಹೆಂಡತಿ ಅವಳು. ಊರಿನ ಚರಂಡಿ ಬಗ್ಗೆ ಕಟಿಂಗ್ ಇದೆ. ನನ್ನ ಬಸ್ಸಿನಲ್ಲಿ ಕೋಳಿಗೆ ಲಗೇಜ್ ಟಿಕೆಟ್ ಹರಿದ ಪ್ರಸಂಗದ ಕಟಿಂಗ್ ಇದೆ, ಫ್ರೇಮ್ ಹಾಕಿಸಿದ್ದೇನೆ. ಅವಳ ಕೆಲಸದ ಬಗ್ಗೆ ಒಂದೂ ಇಲ್ಲ. ಪಕ್ಕದಲ್ಲೇ ಇರುವವರ ಬಗ್ಗೆ ಯಾರು ಬರೆಯುತ್ತಾರೆ? ಅವರು ಇದ್ದೇ ಇರುತ್ತಾರಲ್ಲ.

"ತರ್ತೀನಿ ಸಾರ್" ಎಂದು ಎದ್ದು ಬಂದೆ.

ಮುಂದಿನ ರಜೆಯ ದಿನ ಬಿಳಿಗೆರೆಗೆ ಹೋದೆ. ಅಲ್ಲಿ ಚನ್ನಬಸವಯ್ಯ ಎಂಬ ರೈತರಿದ್ದಾರೆ. ಜಯಶೀಲ ಮೊಟ್ಟಮೊದಲು ಹುಳ ಕೊಟ್ಟಿದ್ದು ಅವರ ತೋಟಕ್ಕೆ ಎಂದು ಮಾತ್ರ ನನಗೆ ಗೊತ್ತಿತ್ತು. ಅವರು ಕೊಟ್ಟಿಗೆ ಮುಂದೆ ಕಾಯಿ ಸುಲಿಯುತ್ತಿದ್ದರು. ಹೆಂಡತಿ ಶಾರದಮ್ಮ ಸಿಪ್ಪೆ ಒಟ್ಟುತ್ತಿದ್ದರು. ಬಂದ ಕಾರಣ ಹೇಳಿದೆ. ಶಾರದಮ್ಮ ಕೈ ತೊಳೆದುಕೊಂಡು ಬಂದು ಜಗಲಿಯ ಮೇಲೆ ಕೂತರು.

"ಬರ್ಕೊಳ್ಳಪ್ಪ. ಶಾರದಮ್ಮ, ಬಿಳಿಗೆರೆ. ಶೀಲಮ್ಮನ ಹುಳ ಅಷ್ಟನ್ನೂ ಕೊಂದೋಳು ನಾನೇ."

ಚನ್ನಬಸವಯ್ಯ ಕಾಯಿ ಕೆಳಗಿಟ್ಟರು. "ಇದೇನೇ, ಪೊಲೀಸ್ ಸ್ಟೇಷನ್ನಲ್ಲಿ ಹೇಳ್ದಂಗೆ ಹೇಳ್ತೀಯ."

"ನೀವು ಸುಮ್ನಿರಿ. ನಿಜ ತಾನೇ? ಬರ್ಕೊಳ್ಳಪ್ಪ ನೀನು."

ಬರೆದುಕೊಂಡೆ. ಅವರ ಮಾತಿನಲ್ಲೇ ಕೊಡುತ್ತೇನೆ.

"ಆ ವರ್ಷ ತೋಟ ನೋಡಿದ್ರೆ ಹೊಟ್ಟೆ ಉರಿಯೋದು. ಗರಿಯೆಲ್ಲ ಸುಟ್ಟಂಗೆ. ಶೀಲಮ್ಮ ಬಂದು ಹುಳ ಕಳಿಸ್ತೀನಿ ಅಂದ್ಲು. ಇವ್ರು ಊರಲ್ಲಿರ್ನಿಲ್ಲ. ಗುರುವಾರ ಸಾಯಂಕಾಲ ಹೊತ್ತು ಮುಳುಗೋ ಟೈಮಿಗೆ ಟ್ಯೂಬು ಬಂದ್ವು. ನಾಳೀಕೆ ಬಿಟ್ರಾಯ್ತು ಅಂದ್ಕಂಡೆ. ನಾಳೀಕೆ ಅಂದ್ರೆ ಶುಕ್ರವಾರ. ಶುಕ್ರವಾರ ಮನೆಗೆ ಬಂದಿರೋದನ್ನ ಯಾರಾನಾ ಹೊರಕ್ಕೆ ಕಳಿಸ್ತಾರಾ? ಅದೂ ತೋಟ ಉಳಿಸಕ್ಕೆ ಅಂತ ಬಂದಿರೋವು. ದೇವ್ರ ಮನೇಲಿಟ್ಟೆ. ಟ್ಯೂಬಿಗೆಲ್ಲ ಕುಂಕುಮ ಇಟ್ಟೆ. ಸಾಂಬ್ರಾಣಿ ಹಾಕ್ದೆ. ಬಾಗ್ಲು ಮುಚ್ಚಿ ಚೆನ್ನಾಗೇ ಹಾಕ್ದೆ."

"ಆಮೇಲೆ?"

"ಆಮೇಲೇನು. ಶನಿವಾರ ಬೆಳಿಗ್ಗೆ ನೋಡ್ತೀನಿ, ಒಂದೂ ಅಲ್ಲಾಡ್ತಿಲ್ಲ."

ಚನ್ನಬಸವಯ್ಯ ನಗು ತಡೆಯಲು ಆಚೆ ತಿರುಗಿದರು.

"ಸುದ್ದಿ ಕೇಳಿ ಆ ಯಮ್ಮ ಬಂದ್ಲು. ಬೈತಾಳೆ ಅಂತ ನಾನು ಅಡಿಗೆ ಮನೆ ಬಿಟ್ಟು ಈಚೆಗೇ ಬರ್ನಿಲ್ಲ. ಟ್ಯೂಬು ಎತ್ತಿ ಬೆಳಕಿಗೆ ಹಿಡಿದು ನೋಡಿದ್ಲು. ಕುಂಕುಮ ನೋಡಿದ್ಲು. 'ಅಮ್ಮಾ, ಇವಕ್ಕೆ ಹುಟ್ಟಿದಾಗಿಂದ ಇಷ್ಟು ಮರ್ಯಾದೆ ಯಾರೂ ಕೊಟ್ಟಿರ್ಲಿಲ್ಲ. ತಡ್ಕೊಳ್ಳಕ್ಕಾಗ್ದೆ ಹೋದ್ವು' ಅಂದ್ಲು. ನಂಗೆ ಅಳು ಬರೋದ್ರಲ್ಲಿತ್ತು, ನಗು ಬಂದ್ಬುಡ್ತು."

ನನಗೂ ಎರಡೂ ಬಂದವು. ಅವಳ ಮಾತಿನ ಧಾಟಿಯೇ ಅದು. ಒಂದೂವರೆ ವರ್ಷದ ನಂತರ ಅವಳು ಹೇಳಿದ ಒಂದು ಹೊಸ ಮಾತು ಕೇಳಿಸಿಕೊಂಡೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಜಯಶೀಲ ಅದೇ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು ವಿಚಾರಣೆ ಶುರು ಮಾಡಿದಳಂತೆ. ಯಾವ ಯಾವ ದಿನ ಮನೆಯಿಂದ ಏನೂ ಹೊರಗೆ ಕಳಿಸುವುದಿಲ್ಲ? ಮಂಗಳವಾರ, ಶುಕ್ರವಾರ. ನೇಗಿಲಿಗೆ ಎತ್ತು ಕಟ್ಟದ ದಿನ ಯಾವುದು? ಸೋಮವಾರ. ಹಾಗಾದರೆ ಸೋಮವಾರ ಗಂಡಸರು ತೋಟದ ಕೆಲಸಕ್ಕೆ ಸಿಗುತ್ತಾರೆ. ಮನೆಯವರೆಲ್ಲ ತಿಪಟೂರಿಗೆ ಹೋಗುವ ದಿನ ಯಾವುದು? ಅಮಾವಾಸ್ಯೆಗೆ ಏನು ಮಾಡುತ್ತೀರಿ? ಎಲ್ಲ ಬರೆದುಕೊಂಡಳಂತೆ.

"ಅದಾದ್ಮೇಲೆ ಆ ಯಮ್ಮನ ಹುಳ ಒಂದಿನಾನೂ ಗುರುವಾರ ಬರ್ನಿಲ್ಲ ನೋಡಪ್ಪ. ಸೋಮವಾರ ಇಲ್ಲಾ ಬುಧವಾರ. ತಪ್ಪಿದ್ರೆ ಶನಿವಾರ. 'ಪೂಜೆ ಬೇಕಾದ್ರೆ ಮರಕ್ಕೆ ಮಾಡ್ಕಳಿ, ಹುಳಕ್ಕೆ ಬ್ಯಾಡ' ಅಂದ್ಲು. ಆಗಿಂದ ಈ ಕಡೆ ಮೊದಲ್ನೇ ಮರಕ್ಕೆ ಕುಂಕುಮ ಇಟ್ಟೇ ಟ್ಯೂಬು ಬಿಚ್ತಿದ್ವಿ."

ನಾನು ಬರೆಯುವುದನ್ನು ನಿಲ್ಲಿಸಿದೆ.

ನಿಮಗೆ ಅರ್ಥವಾಯಿತೇ? ನನಗೆ ಆಗ ಅರ್ಥವಾಯಿತು. ಹುಳ ಸೋಮವಾರ ಹದಕ್ಕೆ ಬರಬೇಕೆಂದರೆ ಅದರ ಮೊಟ್ಟೆ ಯಾವ ದಿನ ಇಡಿಸಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕಬೇಕು. ಹಾಗೆ ಲೆಕ್ಕ ಹಾಕಿದರೆ ಕೆಲಸ ಭಾನುವಾರಕ್ಕೆ ಬರುತ್ತಿತ್ತು. ಅವಳು ವರ್ಷಗಟ್ಟಲೆ ಭಾನುವಾರ ಪ್ರಯೋಗಾಲಯಕ್ಕೆ ಹೋಗುತ್ತಿದ್ದಳು. ನಮ್ಮ ಮನೆಯ ಜಗಳಗಳಲ್ಲಿ ಮುಕ್ಕಾಲು ಪಾಲು ಅದೇ. "ನಿಂಗೊಬ್ಬಳಿಗೇನೇ ಭಾನುವಾರಾನೂ ಆಫೀಸು? ಹುಳಕ್ಕೇನು ಗೊತ್ತು ಭಾನುವಾರ, ಸೋಮವಾರ?" ಎಂದು ಕೂಗಾಡಿದ್ದೇನೆ. "ಹುಳಕ್ಕೆ ಗೊತ್ತಿಲ್ಲ ರೀ, ಜನಕ್ಕೆ ಗೊತ್ತು" ಎಂದು ಹೇಳಿ ಚಪ್ಪಲಿ ಹಾಕಿಕೊಂಡು ಹೋಗುತ್ತಿದ್ದಳು. ಏನೋ ಉಡಾಫೆ ಮಾತು ಎಂದುಕೊಂಡಿದ್ದೆ.

ಬೇರೆಯವರಾಗಿದ್ದರೆ ಏನು ಮಾಡುತ್ತಿದ್ದರು? ಮೂಢನಂಬಿಕೆ ಎಂದು ಭಾಷಣ ಮಾಡುತ್ತಿದ್ದರು. ಒಂದು ಕರಪತ್ರ ಹಂಚುತ್ತಿದ್ದರು. ಅವಳು ಹುಳಗಳು ಹುಟ್ಟುವ ದಿನವನ್ನೇ ಬದಲಾಯಿಸಿದಳು.

ಶಾರದಮ್ಮ ಕಾಗದದ ಕೆಳಗೆ ನಿಧಾನವಾಗಿ, ಒಂದೊಂದೇ ಅಕ್ಷರ ಕೂರಿಸಿ ಸಹಿ ಹಾಕಿದರು. ಚನ್ನಬಸವಯ್ಯ ಇಣುಕಿ ನೋಡಿ ಕೇಳಿದರು:

"ಹುಳದ ಹೆಸ್ರು ಏನಂತ ಬರೆದ್ರಿ?"

ಅವಳ ಎಂಎಸ್ಸಿ ಪುಸ್ತಕದಿಂದ ಬರೆದುಕೊಂಡು ಹೋಗಿದ್ದ ಉದ್ದನೆಯ ಹೆಸರು ಓದಿದೆ.

"ಅದ್ಯಾವುದದು? ಹೊಡೆದಾಕಿ. ಶೀಲಮ್ಮನ ಹುಳ ಅಂತ ಬರೀರಿ. ಇಲ್ಲಿ ಅಂಗಂದ್ರೇನೇ ಗೊತ್ತಾಗದು."

ನಾನು ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ ಸೇರಿಸಿದೆ.

ಅಲ್ಲಿಂದ ಇನ್ನೊಂದು ದಿನ ಹಂದನಕೆರೆಗೆ ಹೋದೆ. ಅಲ್ಲಿ ಸಿದ್ದರಾಮಣ್ಣ ಎಂಬವರ ತೋಟಕ್ಕೂ ಅವಳು ಹುಳ ಕಳಿಸುತ್ತಿದ್ದಳು. ಅವರು ಕಾಗದ ಅಂದ ತಕ್ಷಣ ಗರಂ ಆದರು.

"ಎಂಥಾ ದಾಖ್ಲೆ ಕಣ್ರೀ? ದಾಖ್ಲೆ ತೋಟದಲ್ಲಿ ನಿಂತೈತೆ. ಬಸ್ಸಲ್ಲಿ ಹಾಕ್ಕೊಂಡು ಹೋಗಕ್ಕಾಯ್ತದಾ? ನಿಮ್ ಪ್ರೊಫೆಸರ್ರಿಗೆ ಹೇಳಿ, ಬಂದು ತಲೆ ಎತ್ತಿ ನೋಡ್ಲಿ."

"ಅವರು ಬರೋವರೆಗೂ ಒಂದು ಕಾಗದ ಇರ್ಲಿ ಸಿದ್ದರಾಮಣ್ಣ."

ಗೊಣಗುತ್ತಲೇ ಬರೆದುಕೊಟ್ಟರು. ಮೂರೇ ಸಾಲು. 'ಈ ತೋಟದಲ್ಲಿ ಇನ್ನೂರು ಮರ ಇವೆ. ಎಲ್ಲ ಹಸಿರಾಗಿವೆ. ಕಾರಣ ಶೀಲಮ್ಮನವರು.'

ಎರಡೂ ಕಾಗದ ತೆಗೆದುಕೊಂಡು ಮತ್ತೆ ತುಮಕೂರು. ಪ್ರೊಫೆಸರ್ ಶಾರದಮ್ಮನ ಕಾಗದ ಓದಲು ಶುರು ಮಾಡಿದರು. ಸಾಂಬ್ರಾಣಿಯ ಜಾಗಕ್ಕೆ ಬಂದಾಗ ಜೋರಾಗಿ ನಕ್ಕರು. ವಾರದ ಲೆಕ್ಕದ ಜಾಗಕ್ಕೆ ಬಂದಾಗ ನಗು ನಿಂತಿತು. ಮತ್ತೊಮ್ಮೆ ಮೊದಲಿನಿಂದ ಓದಿದರು.

"ಈ ಹುಳದ ಜೀವನಚಕ್ರ ನಾನು ವರ್ಷಾ ವರ್ಷಾ ಪಾಠ ಮಾಡ್ತೀನಿ" ಎಂದರು. "ಎಷ್ಟು ದಿನಕ್ಕೆ ಮೊಟ್ಟೆ, ಎಷ್ಟು ದಿನಕ್ಕೆ ಮರಿ, ಬಾಯಿಪಾಠ. ಶುಕ್ರವಾರ ತೋಟಕ್ಕೆ ಬಿಡಲ್ಲ ಅನ್ನೋದು ನನಗೆ ಗೊತ್ತೇ ಇರ್ಲಿಲ್ಲ. ನಮ್ಮ ತಾಯಿಯೂ ಶುಕ್ರವಾರ ಏನೂ ಹೊರಗೆ ಕೊಡ್ತಿರ್ಲಿಲ್ಲ. ಆದ್ರೂ ಹೊಳೀಲಿಲ್ಲ ನೋಡಿ."

ಆಮೇಲೆ ಪೆನ್ನು ತೆಗೆದುಕೊಂಡು ಕೇಳಿದರು. "ಉದ್ಯೋಗ ಅನ್ನೋ ಕಡೆ ಏನು ಬರೀಲಿ?"

ಈ ಸಲ ನಾನು ಸಿದ್ಧನಾಗಿ ಹೋಗಿದ್ದೆ. ಬಸ್ಸಿನಲ್ಲಿ ಎಷ್ಟೋ ಸಲ ಬಾಯಲ್ಲಿ ಹೇಳಿಕೊಂಡಿದ್ದೆ.

"ಕೀಟ ವಿಜ್ಞಾನಿ" ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಹುದ್ದೆ ಸಹಾಯಕಿಯದು ಎಂದು ನೆನಪಿಸುತ್ತಾರೆ ಎಂದುಕೊಂಡೆ. ನೆನಪಿಸಲಿಲ್ಲ. ಬರೆದುಕೊಂಡರು.

ಹೋದ ಶನಿವಾರ ಪುಸ್ತಕ ಬಿಡುಗಡೆ. ಚನ್ನಬಸವಯ್ಯ, ಶಾರದಮ್ಮ, ಸಿದ್ದರಾಮಣ್ಣ ಮೂವರನ್ನೂ ಕರೆದುಕೊಂಡು ಹೋದೆ. ಸಿದ್ದರಾಮಣ್ಣ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಸಭಾಂಗಣದ ಏಸಿಗೆ ನಡುಗುತ್ತಾ ಕೂತಿದ್ದರು. "ಇಷ್ಟು ತಣ್ಣಗಿದ್ರೆ ಮಕ್ಳು ಓದ್ತಾ ಮಲಗಿಬುಡಲ್ವಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ನ್ಯಾಯಾಧೀಶೆ ಬಂದಿದ್ದರು. ನನ್ನನ್ನು ನೋಡಿ ಅವರೇ ಎದ್ದು ಬಂದರು.

"ಕಂಡಕ್ಟ್ರೇ, ಗುರುತು ಸಿಕ್ತಾ?"

"ಪಾಸ್ ತೋರ್ಸಿ ಮೇಡಂ, ಹೇಳ್ತೀನಿ."

ಅವರು ನಕ್ಕರು. ಹಿಂದೆ ನಿಂತಿದ್ದ ಸಿಬ್ಬಂದಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನನ್ನ ಕೈಯಲ್ಲಿದ್ದ ಪುಸ್ತಕ ತೆಗೆದು, 'ನನ್ನ ಹೆಂಡತಿ' ಎಂದು ನಾನು ತೋರಿಸಿದ ಜಯಶೀಲಳ ಪುಟ ಓದಿದರು. ನಿಂತುಕೊಂಡೇ, ಪೂರ್ತಿ. ಆಗ ಓದುತ್ತಿದ್ದ ಹಾಗೆಯೇ. "ಇಂಥವರು ನಿಮ್ಮ ಮನೇಲಿದ್ರು ಅಂತ ನಮಗೆ ಯಾವತ್ತೂ ಹೇಳಲೇ ಇಲ್ವಲ್ಲ" ಎಂದರು.

ಹೌದು. ಹೇಳಲೇ ಇಲ್ಲ.

ವೇದಿಕೆಯ ಮೇಲೆ ಒಬ್ಬೊಬ್ಬರ ಹೆಸರು, ಉದ್ಯೋಗ ಓದುತ್ತಾ ಹೋದರು. ಐಪಿಎಸ್ ಅಧಿಕಾರಿ. ಶಾಸಕರು. ನೇತ್ರದಾನದ ಕೆಲಸ ಮಾಡುತ್ತಿರುವ ಒಬ್ಬ ಮೇಷ್ಟ್ರು. ಕಬಡ್ಡಿ ಆಟಗಾರ. ಅವರ ನಡುವೆ ಬಂತು. 'ಜಯಶೀಲ, ಎಂಎಸ್ಸಿ ಪ್ರಾಣಿಶಾಸ್ತ್ರ. ಕೀಟ ವಿಜ್ಞಾನಿ.' ಮೈಕಿನಲ್ಲಿ. ಎಲ್ಲರಿಗೂ ಕೇಳುವ ಹಾಗೆ. ಚಪ್ಪಾಳೆ ಬಿತ್ತು. ನಮ್ಮ ಸಾಲಿನಿಂದ ಸ್ವಲ್ಪ ಜಾಸ್ತಿಯೇ ಬಿತ್ತು.

ಶಾರದಮ್ಮ ಮಾತ್ರ ಪುಸ್ತಕದಲ್ಲಿದ್ದ ಫೋಟೋ ನೋಡಿ ಒಪ್ಪಲಿಲ್ಲ. "ಇದು ಸರಿಗಿಲ್ಲ ಕಣಪ್ಪ. ಆ ಯಮ್ಮ ಇಷ್ಟು ಗಂಭೀರವಾಗಿರ್ತಿರ್ನಿಲ್ಲ." ನಿಜ. ಹಾಲ್ ಟಿಕೆಟ್ಟಿಗೆ ತೆಗೆಸಿದ ಫೋಟೋ. ಅವಳು ಒಬ್ಬಳೇ ಇರುವ ಬೇರೆ ಫೋಟೋ ಮನೆಯಲ್ಲಿ ಸಿಗಲಿಲ್ಲ. ಉಳಿದಿದ್ದರಲ್ಲೆಲ್ಲ ನಾನೂ ನಿಂತಿದ್ದೇನೆ.

ವಾಪಸ್ ಬರುವಾಗ ಯೋಚಿಸಿದೆ. ಹೆಸರಾಂತ ಎಂದರೆ ಏನು? ಬಹಳ ಜನಕ್ಕೆ ಗೊತ್ತಿರುವುದು ಎಂದುಕೊಂಡಿದ್ದೆ. ಬಿಳಿಗೆರೆಯಿಂದ ಹಂದನಕೆರೆಯವರೆಗೆ ಒಂದು ಹುಳಕ್ಕೆ ಒಬ್ಬಳ ಹೆಸರಿದೆ. ಆ ಹೆಸರನ್ನು ಯಾವ ಸಮಿತಿಯೂ ಕೊಡಲಿಲ್ಲ. ತೋಟದವರು ಕರೆದರು, ಅದೇ ಉಳಿಯಿತು. ನಮ್ಮ ಜಿಲ್ಲೆಯ ವಿಶ್ವವಿದ್ಯಾಲಯ ವಿಜ್ಞಾನಿಯನ್ನೂ ಕೊಟ್ಟಿದೆ, ನ್ಯಾಯಾಧೀಶೆಯನ್ನೂ ಕೊಟ್ಟಿದೆ, ಅವರೆಲ್ಲ ನಮ್ಮ ಬಸ್ಸಿನವರು ಎಂಬ ಹೆಮ್ಮೆ ನನಗೆ ಸಾಯುವವರೆಗೆ ಇರುತ್ತದೆ. ಆದರೆ ಅಲ್ಲಿ ಓದಿದ್ದನ್ನು ಮನೆಮನೆಯ ವಾರದ ಲೆಕ್ಕಕ್ಕೆ ಹೊಂದಿಸಿ ಶಾರದಮ್ಮನಂಥವರ ಜಗಲಿಗೆ ತಂದವಳೂ ಅಲ್ಲಿಯವಳೇ. ಈಗ ಅದು ಅಚ್ಚಿನಲ್ಲಿದೆ.

ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು. ದಿನಾ ಬೆಳಗ್ಗೆ ಎಲ್ಲಿಗೋ ಹೊರಡುತ್ತಾರೆ, ಸಂಜೆ ಬರುತ್ತಾರೆ. ಅಲ್ಲಿ ಏನು ಮಾಡುತ್ತಾರೆ ಎಂದು ಯಾವತ್ತಾದರೂ ಕೂತು ಕೇಳಿದ್ದೀರಾ? ಇವತ್ತು ಕೇಳಿ. ಕೌಂಟರಿನಲ್ಲಿ ಯಾರಾದರೂ ಕೇಳುವ ಮೊದಲು ಕೇಳಿ.

ಸೋಮವಾರ ಪ್ರಯೋಗಾಲಯಕ್ಕೆ ಒಂದು ಪ್ರತಿ ಕೊಡಲು ಹೋಗಿದ್ದೆ. ಅಲ್ಲಿನ ಅಧಿಕಾರಿ ಎರಡೂ ಕೈಯಲ್ಲಿ ತೆಗೆದುಕೊಂಡರು, ಪುಟ ತೆರೆದು ಎಲ್ಲರಿಗೂ ತೋರಿಸಿದರು. ಒಳಗಿನ ಕೋಣೆಯ ಬಾಗಿಲು ತೆರೆದಿತ್ತು. ಹುಳ ಸಾಕುವ ತಟ್ಟೆಗಳನ್ನು ತೊಳೆದು ಬೋರಲು ಹಾಕಿದ್ದರು. ಮೇಲಿನವರಿಗೆ ಮೂರು ಸಲ ಬರೆದಿದ್ದೇನೆ, ಉತ್ತರ ಬಂದಿಲ್ಲ ಎಂದರು ಅವರು. ಹಂದನಕೆರೆಯ ಸಿದ್ದರಾಮಣ್ಣ ನಿನ್ನೆ ಫೋನ್ ಮಾಡಿದ್ದರು. ಪಕ್ಕದ ತೋಟದಲ್ಲಿ ಕೆಳಗಿನ ಗರಿಗಳು ಕಂದು ತಿರುಗುತ್ತಿವೆಯಂತೆ.

ಜಯಶೀಲ ಮಾಡುತ್ತಿದ್ದ ಕೆಲಸಕ್ಕೆ ಇವತ್ತಿನವರೆಗೆ ಯಾರೂ ಬಂದಿಲ್ಲ.